ಮಲಗಿದ್ದಾನೆ, ಮೆಲ್ಲಗೆ

ಆ ಊರಿನಲ್ಲಿ ದೇವರು ಮಲಗಿದ್ದ.

ಯಾವಾಗ ಮಲಗಿದ, ಯಾಕೆ ಮಲಗಿದ ಎಂದು ಯಾರಿಗೂ ತಿಳಿಯದು. ಲೋಕವನ್ನು ಮಾಡಿ ಮುಗಿಸಿ ಸುಸ್ತಾಗಿ ಮಲಗಿದ ಎಂದು ಕೆಲವರು ಹೇಳುತ್ತಿದ್ದರು. ಮಾಡಿದ್ದನ್ನು ಒಮ್ಮೆ ನೋಡಿ ಬೇಸರವಾಗಿ ಮಲಗಿದ ಎಂದು ಇನ್ನು ಕೆಲವರು, ಅತ್ತಿತ್ತ ನೋಡಿಕೊಂಡು ಹೇಳುತ್ತಿದ್ದರು. ಗುಡ್ಡದ ನೆತ್ತಿಯ ಮೇಲೆ ಅವನ ಮನೆ. ಮನೆಗೆ ಒಂದೇ ಬಾಗಿಲು. ಆ ಬಾಗಿಲು ಸದಾ ಮುಚ್ಚಿರುತ್ತಿತ್ತು. ಅವನು ಎದ್ದ ದಿನ ಲೋಕ ಮುಗಿಯುತ್ತದೆ ಎಂಬುದೊಂದು ಮಾತ್ರ ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಆದ್ದರಿಂದ ಆ ಊರಿಗೆ ಒಂದೇ ಕಟ್ಟಳೆ. ಯಾರೂ ಪಿಸುಮಾತಿಗಿಂತ ಜೋರಾಗಿ ಮಾತಾಡಕೂಡದು.

ಅಲ್ಲಿ ಮದುವೆಯ ಡೋಲಿಗೆ ಹತ್ತಿ ತುಂಬಿರುತ್ತಿದ್ದರು. ಗಂಟೆಗಳಿಗೆ ನಾಲಿಗೆ ಇರಲಿಲ್ಲ. ಹುಂಜ ಸಾಕುವಂತಿರಲಿಲ್ಲ. ಬರೀ ಹೇಂಟೆಗಳು ಅಂಗಳದಲ್ಲಿ ಓಡಾಡುತ್ತ, ಮರಿಯಾಗದ ಮೊಟ್ಟೆಗಳ ಮೇಲೆ ಭಕ್ತಿಯಿಂದ ಕೂರುತ್ತಿದ್ದವು. ಜಗಳಗಳೂ ಪಿಸುಮಾತಿನಲ್ಲೇ ನಡೆಯುತ್ತಿದ್ದವು. ಬೈಯಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಬೈಯಬೇಕಾದ್ದರಿಂದ, ದೂರದಿಂದ ನೋಡಿದವರಿಗೆ ಹಗೆಗಳೆಲ್ಲ ಪ್ರೇಮಿಗಳಂತೆ ಕಾಣುತ್ತಿದ್ದರು. ಇಬ್ಬರು ಎದುರಾದರೆ ಒಬ್ಬ "ಮಲಗಿದ್ದಾನೆ" ಎನ್ನುತ್ತಿದ್ದ, ಇನ್ನೊಬ್ಬ "ಮೆಲ್ಲಗೆ" ಎನ್ನುತ್ತಿದ್ದ. ಅದೇ ಅವರ ನಮಸ್ಕಾರ.

ಸಂಜೆಯಾದರೆ ಊರೆಲ್ಲ ಗುಡ್ಡ ಹತ್ತಿ ಆ ಬಾಗಿಲ ಮುಂದೆ ಸೇರಿ ದೇವರಿಗೆ ಜೋಗುಳ ಹಾಡುತ್ತಿತ್ತು. ತುಟಿಗಳು ಅಲ್ಲಾಡುತ್ತಿದ್ದವು, ಸದ್ದು ಬರುತ್ತಿರಲಿಲ್ಲ. ಜೋಗುಳ ಮುಗಿದ ಮೇಲೆ ಪೂಜಾರಿ ಜೋಗುಳದಯ್ಯ ಒಬ್ಬನೇ ಬಾಗಿಲು ತೆರೆದು ಒಳಗೆ ಹೋಗಿ ಹೊರಗೆ ಬಂದು "ಮಲಗಿದ್ದಾನೆ" ಎನ್ನುತ್ತಿದ್ದ. ಊರು ಉಸಿರು ಬಿಡುತ್ತಿತ್ತು. ಆಮೇಲೆ ಜನ ಸಾಲಾಗಿ ನಿಂತು ಬಾಗಿಲ ಸಂದಿಗೆ ಬಾಯಿಟ್ಟು ತಮ್ಮ ತಮ್ಮ ಬೇಡಿಕೆ ಹೇಳಿಕೊಳ್ಳುತ್ತಿದ್ದರು. ಮಗಳಿಗೆ ಗಂಡು ಕೊಡು, ಎಮ್ಮೆಗೆ ಹಾಲು ಕೊಡು, ಪಕ್ಕದ ಮನೆಯವನ ಎಮ್ಮೆಗೆ ಅಷ್ಟೊಂದು ಕೊಡಬೇಡ.

ಕಟ್ಟಳೆ ಮೀರಿದವರನ್ನು ನೋಡಿಕೊಳ್ಳಲು ಕೋಲಿನವರಿದ್ದರು. ಹೊಡೆದರೆ ಸದ್ದಾಗದಿರಲೆಂದು ಅವರ ಕೋಲುಗಳಿಗೆ ಹತ್ತಿ ಸುತ್ತಿರುತ್ತಿತ್ತು. ನೋವಾಗದಿರಲೆಂದು ಅಲ್ಲ.

ಆ ಊರಿನ ಗಾಣದವರ ಮಗಳು ಹೂವಿ. ಅವರ ಮನೆಯ ಗಾಣದಿಂದ ಬಂದ ಎಣ್ಣೆಯಲ್ಲಿ ಅರ್ಧ, ಗಾಣ ಕಿರುಗುಟ್ಟದಿರಲೆಂದು ಗಾಣಕ್ಕೇ ಹೋಗುತ್ತಿತ್ತು. ಚಿಕ್ಕವಳಾಗಿದ್ದಾಗಿನಿಂದ ಹೂವಿ ಅದನ್ನು ನೋಡುತ್ತ ಬೆಳೆದಿದ್ದಳು. ಮೀಸೆ ಚಿಗುರುವ ಹುಡುಗರಿಗೂ ಮೈನೆರೆದ ಹುಡುಗಿಯರಿಗೂ ಆ ಊರಿನಲ್ಲಿ ಕೊರಳ ನೂಲು ಕಟ್ಟುವ ಶಾಸ್ತ್ರವಿತ್ತು. ಅವತ್ತು ಮಕ್ಕಳು ಜೋಗುಳದಯ್ಯನ ಮುಂದೆ ಮಂಡಿಯೂರಿ ಒಂದು ಪ್ರಶ್ನೆ ಕೇಳಬಹುದಿತ್ತು. ಯಾವ ಪ್ರಶ್ನೆ ಎಂಬುದೂ ಮೊದಲೇ ನಿಗದಿಯಾಗಿತ್ತು. "ಅಯ್ಯಾ, ನಾನು ಹೇಗೆ ಮೆಲ್ಲಗಿರಲಿ?" ಎಂದು ಮಕ್ಕಳು ಕೇಳಬೇಕು. "ಹೀಗೇ" ಎಂದು ಅಯ್ಯ ಹೇಳಬೇಕು. ನೂಲು ಕಟ್ಟಬೇಕು. ಬೆಲ್ಲ ಹಂಚಬೇಕು.

ಹೂವಿಯ ಸರದಿ ಬಂತು. ಅವಳು ಮಂಡಿಯೂರಿದಳು.

"ಅಯ್ಯಾ, ದೇವರು ಮಲಗಿದ್ದಾನೆ ಅಂದಮೇಲೆ ನಾವು ಬೇಡಿಕೊಳ್ಳೋದು ಯಾರಿಗೆ ಕೇಳಿಸುತ್ತೆ?"

ನೂಲು ಹಿಡಿದ ಅಯ್ಯನ ಕೈ ಅಲ್ಲೇ ನಿಂತಿತು. ಅವನು ದಪ್ಪ ಹುಬ್ಬಿನ, ಸಣ್ಣ ನಗೆಯ ಮನುಷ್ಯ. ನಗೆಯನ್ನು ಬಿಡದೆ ಹೇಳಿದ, "ಕನಸಿನಲ್ಲಿ ಕೇಳಿಸುತ್ತೆ ಮಗಳೇ."

"ಪಿಸುಮಾತು ಕನಸಿನೊಳಕ್ಕೆ ಹೋಗೋದಾದ್ರೆ ಕೂಗೂ ಕನಸಿನೊಳಕ್ಕೇ ಹೋಗಬಹುದಲ್ಲಾ? ಅವನು ಯಾಕೆ ಏಳಬೇಕು?"

"ಕೂಗು ಕನಸಿಗೆ ದೊಡ್ಡದಾಗುತ್ತೆ."

"ಹಂಗಾದ್ರೆ ಅವನ ಕನಸು ಅಷ್ಟು ಚಿಕ್ಕದಾ, ಅಯ್ಯಾ?"

ಬೆಲ್ಲದ ತಟ್ಟೆ ಹಿಡಿದಿದ್ದ ಹೆಂಗಸರು ತಲೆ ತಗ್ಗಿಸಿದರು. ಯಾರದೋ ಭುಜ ನಗೆಯಿಂದ ಕುಲುಕಿ, ಕೋಲಿನವನು ಅತ್ತ ನೋಡಿದೊಡನೆ ಭಕ್ತಿಯಿಂದ ಸ್ಥಿರವಾಯಿತು. ಹೂವಿಯ ಹಿಂದೆ ಕುಂಬಾರರ ಹುಡುಗ ನಿರ್ವಾಣಿ ನಿಂತಿದ್ದ. ಅವಳ ಓರಗೆಯವನು, ಹುರುಪಿನವನು. ಅಯ್ಯ ಅವಳನ್ನು ಬದಿಗೆ ಸರಿಸಿ ಅವನನ್ನು ಕರೆದ. ನಿರ್ವಾಣಿ ಮಂಡಿಯೂರಿ, "ನಂದೂ ಅದೇ ಪ್ರಶ್ನೆ ಅಯ್ಯಾ" ಎಂದ.

ಇಬ್ಬರ ಅಂಗೈಗಳಿಗೂ ಹತ್ತಿ ಸುತ್ತಿದ ಕೋಲು ಬಿತ್ತು. ಸದ್ದಾಗಲಿಲ್ಲ.

ಮನೆಯಲ್ಲಿ ಹೂವಿಯ ಅವ್ವ ಮಗಳ ಬಾತ ಅಂಗೈಗೆ ಎಣ್ಣೆ ಸವರುತ್ತ ಕೂತಳು. ಅಪ್ಪ ಗೋಡೆಗೆ ಮುಖ ಮಾಡಿ, "ಇನ್ಮೇಲೆ ನಮ್ಮ ಎಣ್ಣೆ ಯಾರು ತಗೋತಾರೆ?" ಎಂದು ಗೋಡೆಗೆ ಪಿಸುಗುಟ್ಟುತ್ತಿದ್ದ.

"ಅವ್ವ, ನಿಂಗೆ ಯಾವತ್ತೂ ಏನೂ ಅನ್ನಿಸಿಲ್ವಾ?"

"ಏನು?"

"ಇದೆಲ್ಲ."

ಅವ್ವ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. "ಅನ್ನಿಸಿತ್ತು. ನಿನ್ನ ಹೆರುವಾಗ. ಬಾಯಿಗೆ ಬಟ್ಟೆ ತುರುಕಿದ್ರು. ಆಗ ಅನ್ನಿಸ್ತು, ನಾನೊಬ್ಬಳೇ ಯಾಕೆ ಎದ್ದಿರಬೇಕು, ಅವನೂ ಎದ್ದು ಕೂರಲಿ ಅಂತ." ಹೇಳಿದ ಮೇಲೆ ಅವಳೇ ಬೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗಿನೊಳಗಿನಿಂದಲೇ, "ನೀನು ಮಾತ್ರ ಹಂಗೆಲ್ಲ ಕೇಳಬೇಡ. ನಂಗೆ ನಿನ್ನ ಬಿಟ್ರೆ ಯಾರಿದ್ದಾರೆ?" ಎಂದಳು.

ಹೂವಿ ಕೇಳುವುದನ್ನು ಬಿಡಲಿಲ್ಲ. ಅವಳೂ ನಿರ್ವಾಣಿಯೂ ಊರಿನ ಗಡಿಕಲ್ಲು ದಾಟಿ, ಹಾಳು ಬಿದ್ದ ಸುಣ್ಣದ ಗೂಡಿನ ಹತ್ತಿರ ಕೂರತೊಡಗಿದರು. ಬರಬರುತ್ತ ಅವರ ವಯಸ್ಸಿನ ಇನ್ನೂ ಕೆಲವರು ಬಂದರು. ಪ್ರಶ್ನೆಗಳೆಲ್ಲ ಅಲ್ಲಿ ಸೇರಿದವು.

"ಇಷ್ಟು ದಿನ ಮಲಗಿದ್ರೆ ಅವನಿಗೆ ಹಸಿವಾಗಲ್ವಾ?"

"ನೈವೇದ್ಯ ಇಡ್ತಾರಲ್ಲ."

"ಮಲಗಿದೋನು ಹೆಂಗೆ ತಿಂತಾನೆ?"

"ಅಯ್ಯನ ಹೊಟ್ಟೆ ನೋಡಿದ್ರೆ ಗೊತ್ತಾಗಲ್ವಾ ಹೆಂಗೆ ಅಂತ!" ಎಂದ ನಿರ್ವಾಣಿ.

"ಎದ್ದರೆ ಮೊದಲು ಮುಖ ತೊಳೀತಾನಾ, ಲೋಕ ಮುಗಿಸ್ತಾನಾ?"

ಇಷ್ಟೆಲ್ಲವನ್ನೂ ಅವರು ಪಿಸುಮಾತಿನಲ್ಲೇ ಆಡುತ್ತಿದ್ದರು. ಗಡಿಕಲ್ಲಿನ ಆಚೆ ಕೂತು, ಕೇಳುವವರು ಯಾರೂ ಇಲ್ಲದ ಬಯಲಿನಲ್ಲಿ. ಅದು ಮೊದಲು ಹೊಳೆದದ್ದು ಹೂವಿಗೆ. "ಕೂಗೋಣ" ಎಂದಳು. ಎಲ್ಲರೂ ಎದ್ದು ನಿಂತು ಬಾಯಿ ತೆರೆದರು. ಯಾರಿಗೂ ಸದ್ದು ಬರಲಿಲ್ಲ. ಮೀನುಗಳ ಹಾಗೆ ಬಾಯಿ ತೆರೆದುಕೊಂಡು ಒಬ್ಬರನ್ನೊಬ್ಬರು ನೋಡಿದರು. ಗಂಟಲಿಗೆ ಆ ದಾರಿಯೇ ತಿಳಿದಿರಲಿಲ್ಲ.

ಹೂವಿ ಪ್ರತಿ ದಿನ ಹೋಗಿ ಬಾಯಿ ತೆರೆದು ನಿಲ್ಲುತ್ತಿದ್ದಳು. ಒಂದು ದಿನ ಅವಳ ಗಂಟಲಿನಿಂದ ಎಮ್ಮೆಕರುವಿನ ಕೂಗಿನಂಥ ಒಂದು ಸದ್ದು ಹೊರಬಿತ್ತು. ಅವಳೇ ಗಾಬರಿಯಾಗಿ ಕೂತುಬಿಟ್ಟಳು. ಗೆಳತಿಯೊಬ್ಬಳು ಮೊಣಕಾಲಲ್ಲಿ ತಲೆ ಹುದುಗಿಸಿ ಲೋಕ ಮುಗಿಯುವುದನ್ನು ಕಾಯ್ದಳು. ಸುಣ್ಣದ ಗೂಡಿನ ಮೇಲಿಂದ ಒಂದು ಕಾಗೆ ಹಾರಿಹೋಯಿತು. ಲೋಕ ಹಾಗೇ ಇತ್ತು.

"ಇಲ್ಲಿಂದ ಅವನಿಗೆ ಕೇಳಿಸಿರಲಿಕ್ಕಿಲ್ಲ. ದೂರ ಆಯ್ತು" ಎಂದ ನಿರ್ವಾಣಿ.

"ದೇವರಿಗೆ ದೂರಾನಾ?" ಎಂದಳು ಹೂವಿ. ನಿರ್ವಾಣಿಯ ಮುಖದಲ್ಲಿದ್ದ ಹುರುಪು ಸ್ವಲ್ಪ ಇಳಿದದ್ದನ್ನು ಅವಳು ಅವತ್ತು ಗಮನಿಸಲಿಲ್ಲ.

ಗುಡ್ಡದ ಒಂದು ಮಗ್ಗುಲಲ್ಲಿ ಬಿಳಿಮಣ್ಣಿನ ಗುಂಡಿ ಇತ್ತು. ಗುಡ್ಡದ ಮೇಲಿನ ದೇವರ ಮನೆಗೆ ವರ್ಷವಿಡೀ ಬಿಳಿ ಬಳಿಯಲು ಊರಿನ ಹೆಂಗಸರು ಅದೇ ಗುಡ್ಡದ ಬುಡವನ್ನು ಅಗೆಯುತ್ತಿದ್ದರು. ಮನೆ ಬೆಳ್ಳಗಾದಷ್ಟೂ ಗುಡ್ಡ ಟೊಳ್ಳಾಗುತ್ತಿತ್ತು. ಅದನ್ನು ಸೇವೆ ಎನ್ನುತ್ತಿದ್ದರು. ಹೂವಿಯ ಅವ್ವನೂ ಆ ಸೇವೆಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹೂವಿ ಅವ್ವನಿಗೆ ಬುತ್ತಿ ತೆಗೆದುಕೊಂಡು ಗುಂಡಿಯ ಎದುರಿನ ದಿಬ್ಬ ಏರಿದಳು. ಅಲ್ಲಿಂದ ಗುಂಡಿಯೂ ಕಾಣುತ್ತಿತ್ತು, ಗುಂಡಿಯ ಮೇಲೆ ಚಾಚಿಕೊಂಡ ಗುಡ್ಡದ ಕೆನ್ನೆಯೂ ಕಾಣುತ್ತಿತ್ತು. ಆ ಕೆನ್ನೆಯಲ್ಲಿ ಒಂದು ಬಿರುಕು. ಅವಳು ನೋಡುತ್ತಿದ್ದಂತೆ ಬಿರುಕಿನಿಂದ ಮಣ್ಣು ಸಣ್ಣಗೆ ಉದುರಿತು. ಒಂದು ಗಿಡ ಬೇರುಸಹಿತ ವಾಲಿತು. ಕೆಳಗೆ ಹೆಂಗಸರು ಬಗ್ಗಿ ಅಗೆಯುತ್ತಿದ್ದರು. ಇಳಿದು ಹೋಗಿ ಹೇಳುವಷ್ಟು ಹೊತ್ತಿರಲಿಲ್ಲ. ಪಿಸುಮಾತು ಅಲ್ಲಿಗೆ ತಲುಪುವಂತಿರಲಿಲ್ಲ.

"ಅವ್ವಾ! ಓಡು! ಅವ್ವಾ!"

ಆ ಊರಿನಲ್ಲಿ ಯಾರೂ ಕೇಳದಿದ್ದ ಸದ್ದು ಅದು. ಹೆಂಗಸರು ತಲೆ ಎತ್ತಿ ನೋಡಿದರು. ಯಾರೂ ಗುಡ್ಡವನ್ನು ನೋಡಲಿಲ್ಲ, ಎಲ್ಲರೂ ಕೂಗುವ ಹುಡುಗಿಯನ್ನು ನೋಡಿದರು. ಒಬ್ಬಳು ತುಟಿಯ ಮೇಲೆ ಬೆರಳಿಟ್ಟಳು. ಇನ್ನೊಬ್ಬಳು ಗುದ್ದಲಿ ಎತ್ತಿ ಹೆದರಿಸಿದಳು. ಹೂವಿ ಕೂಗುತ್ತಲೇ ಇದ್ದಳು. ಮೊದಲು ಅವಳ ಅವ್ವ ಓಡತೊಡಗಿದಳು. ಪ್ರಾಣ ಉಳಿಸಿಕೊಳ್ಳಲು ಅಲ್ಲ, ಮಗಳ ಬಾಯಿ ಮುಚ್ಚಲು. ಅವಳ ಹಿಂದೆಯೇ ಉಳಿದವರೂ ಓಡಿದರು, ದೇವರು ಏಳುವ ಮೊದಲು ಆ ಬಾಯಿಯನ್ನು ಮುಚ್ಚಲೇಬೇಕೆಂದು, ಸೆರಗು ಕಟ್ಟಿ, ಹಲ್ಲು ಕಚ್ಚಿ, ದಿಬ್ಬವನ್ನು ಕೈಕಾಲುಗಳಿಂದ ಹತ್ತಿ ಬಂದರು. ಅವ್ವನ ಮಣ್ಣು ಮೆತ್ತಿದ ಅಂಗೈ ಹೂವಿಯ ಬಾಯಿಯನ್ನು ಒತ್ತಿ ಹಿಡಿಯಿತು. ಅದೇ ಹೊತ್ತಿಗೆ ಅವರ ಹಿಂದೆ ಗುಡ್ಡದ ಕೆನ್ನೆ ಕುಸಿದು ಗುಂಡಿ ತುಂಬಿತು.

ಬಾಯಿ ಮುಚ್ಚಲು ಓಡಿ ಬಂದವರೆಲ್ಲ ಉಳಿದುಕೊಂಡರು. ಓಡಿ ಬಾರದವಳು ಒಬ್ಬಳೇ, ಹಣ್ಣು ಮುದುಕಿ ಕಾಳವ್ವ. ಅವಳು ಕೂಗು ಕೇಳಿದ ಕೂಡಲೇ ಚಿಕ್ಕಂದಿನಲ್ಲಿ ಕಲಿಸಿದ್ದಂತೆ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿ, ಕಣ್ಣು ಮುಚ್ಚಿ, ಕೂತಲ್ಲೇ ಕೂತಿದ್ದಳು.

ಗುಡ್ಡ ಬಿದ್ದ ಸದ್ದು ಹೂವಿಯ ಕೂಗಿಗಿಂತ ನೂರು ಪಟ್ಟು ದೊಡ್ಡದಾಗಿತ್ತು. ಅದನ್ನು ಯಾರೂ ಸದ್ದೆಂದು ಎಣಿಸಲಿಲ್ಲ. ಗುಡ್ಡಕ್ಕೆ ಕೊರಳ ನೂಲು ಕಟ್ಟಿರಲಿಲ್ಲವಲ್ಲ.

ಊರೆಲ್ಲ ದೇವರ ಬಾಗಿಲ ಮುಂದೆ ಸೇರಿ ಲೋಕ ಮುಗಿಯುವುದನ್ನು ಕಾಯಿತು. ಹೇಗೂ ಮುಗಿಯುತ್ತದಲ್ಲ ಎಂದು ಒಬ್ಬ ತನ್ನ ಹೆಂಡತಿಯ ಕಿವಿಯಲ್ಲಿ ಪಕ್ಕದ ಬೀದಿಯವಳ ವಿಷಯ ಹೇಳಿ ಕ್ಷಮೆ ಕೇಳಿದ. ಇನ್ನೊಬ್ಬ ಬಚ್ಚಿಟ್ಟ ತುಪ್ಪದ ಗಡಿಗೆ ತಂದು ಅಲ್ಲೇ ಕೂತು ತಿಂದ. ಅಯ್ಯ ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಕೊನೆಗೆ ಬಂದು ಹೊಸಿಲಲ್ಲಿ ನಿಂತ.

"ಏಳುವುದರಲ್ಲಿದ್ದ. ಮಗ್ಗುಲು ಬದಲಿಸಿದ. ಮತ್ತೆ ಮಲಗಿದ."

ಊರು ಉಸಿರು ಬಿಟ್ಟಿತು. ಪಕ್ಕದ ಬೀದಿಯ ವಿಷಯ ಹೇಳಿಕೊಂಡವನೊಬ್ಬ ಮಾತ್ರ ಉಸಿರು ಬಿಡಲಿಲ್ಲ.

ಮರುದಿನ ಅದೇ ಬಾಗಿಲ ಮುಂದೆ ವಿಚಾರಣೆ. ಬದುಕಿ ಉಳಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ಅಯ್ಯ ಕೇಳಿದ, "ಮೊದಲು ಏನು ಕೇಳಿಸಿತು?"

"ಕೂಗು."

"ಆಮೇಲೆ?"

"ಗುಡ್ಡ ಬಿತ್ತು."

"ಮೊದಲು ಕೂಗು, ಆಮೇಲೆ ಕುಸಿತ" ಎಂದ ಅಯ್ಯ. ಜನ ತಲೆದೂಗಿದರು. ಎಷ್ಟು ಸರಳವಾಗಿತ್ತು! ಕೂಗಿದ್ದರಿಂದ ದೇವರು ಮಗ್ಗುಲು ಬದಲಿಸಿದ, ಮಗ್ಗುಲು ಬದಲಿಸಿದ್ದರಿಂದ ಗುಡ್ಡ ಬಿತ್ತು, ಗುಡ್ಡ ಬಿದ್ದದ್ದರಿಂದ ಕಾಳವ್ವ ಸತ್ತಳು. ತಾವು ಹೇಗೆ ಉಳಿದೆವು ಎಂದು ಆ ಹೆಂಗಸರಲ್ಲಿ ಒಬ್ಬಳೂ ಕೇಳಿಕೊಳ್ಳಲಿಲ್ಲ. ಅದು ದೇವರ ದಯೆ ಎಂದು ಆಗಲೇ ತೀರ್ಮಾನವಾಗಿತ್ತು.

"ಅಯ್ಯಾ," ಎಂದಳು ಹೂವಿ, "ಮಗ್ಗುಲು ಬದಲಿಸಿದ ಅಂದ್ರಲ್ಲ, ಈಗ ಅವನ ಬೆನ್ನು ನಮ್ಮ ಕಡೆಗಿದೆಯಾ? ಮೊದಲು ಇತ್ತಾ?"

"ಇವಳ ಜೊತೆ ಇನ್ನು ಯಾರು ಕೂಗಿದ್ದೀರಿ?" ಎಂದು ಅಯ್ಯ ಕೇಳಿದ. ಅವನ ಕಣ್ಣು ನಿರ್ವಾಣಿಯ ಮೇಲೆ ನಿಂತಿತು. "ನಿನ್ನದೂ ಅದೇ ಪ್ರಶ್ನೆಯಾಗಿತ್ತಲ್ಲವೇ?"

ನಿರ್ವಾಣಿ ಹೂವಿಯನ್ನು ನೋಡಿದ. ಅವನ ಪಕ್ಕದಲ್ಲಿ ಅವನ ಅಪ್ಪ ಕೈ ಮುಗಿದು ನಿಂತಿದ್ದ. "ನಂಗೆ ಕೂಗೋಕೆ ಬರಲ್ಲ ಅಯ್ಯಾ" ಎಂದ ನಿರ್ವಾಣಿ. ಅದು ನಿಜವೇ ಆಗಿತ್ತು. ನಿಜ ಹೇಳಿದವನು ತಲೆ ತಗ್ಗಿಸಿದ್ದನ್ನು ಹೂವಿ ಅವತ್ತು ಮೊದಲ ಸಲ ನೋಡಿದಳು.

ಕೊನೆಗೆ ಅವ್ವನನ್ನು ಕರೆದರು. "ಹೇಳು ತಾಯಿ. ಮೊದಲು ಏನು?"

ಅವ್ವನ ತುಟಿ ಅಲ್ಲಾಡಿತು.

"ಕೇಳಿಸಲಿಲ್ಲ" ಎಂದ ಅಯ್ಯ.

ಅವ್ವ ಮತ್ತೆ ಹೇಳಿದಳು. ಹತ್ತಿರ ನಿಂತಿದ್ದ ಮಣ್ಣಿನ ಗುಂಡಿಯ ಯಜಮಾನನ ಮುಖ ಬಿಳಿಚಿತು. "ಏನೂ ಇಲ್ಲ ಅಯ್ಯಾ, ಕೂಗೇ ಮೊದಲು ಅಂತಾಳೆ" ಎಂದು ಅವನು ಅವಸರವಾಗಿ ಹೇಳಿದ. ಅಯ್ಯ ತಲೆದೂಗಿ ಮುಂದಿನ ಮಾತಿಗೆ ಬಾಯಿ ತೆರೆದ. ಆಗ ಅವ್ವನ ಕೊರಳಿನಿಂದ ಬಟ್ಟೆ ಹರಿದಂಥ ಒಂದು ಸದ್ದು ಬಂತು. ಅದರ ಹಿಂದೆ ಮಾತು ಬಂತು.

"ಬಿರುಕು ಮೊದಲೇ ಇತ್ತು! ಬೆಳಿಗ್ಗೆ ನಾನೇ ನೋಡಿದ್ದೆ! ಈ ಯಜಮಾನಪ್ಪನಿಗೆ ಹೇಳಿದ್ರೆ, ದೇವರು ಮಲಗಿರೋ ಗುಡ್ಡ ಬೀಳುತ್ತೇನೇ ಅಂದ! ನನ್ನ ಮಗಳು ಕೂಗದೆ ಇದ್ದಿದ್ರೆ ನೀವೆಲ್ಲ ಇವತ್ತು ನಮಗೆ ಮಣ್ಣು ಹಾಕೋ ಹಂಗೂ ಇರಲಿಲ್ಲ, ಗುಡ್ಡವೇ ಹಾಕಿರ್ತಿತ್ತು!"

ಜನ ಕಿವಿ ಮುಚ್ಚಿಕೊಂಡರು. ಮಾತು ಮುಗಿದ ಮೇಲೆ ಬೆರಳು ಸಡಿಲಿಸಿ ಬಾಗಿಲ ಕಡೆ ನೋಡಿದರು. ಬಾಗಿಲು ಅಲ್ಲಾಡಲಿಲ್ಲ. ಕೂಗು ಅದರ ಎದುರಿಗೇ, ಮಾರು ದೂರದಲ್ಲಿ, ಬಿದ್ದಿತ್ತು. ಎಲ್ಲರೂ ಅಯ್ಯನ ಕಡೆ ತಿರುಗಿದರು. ಆ ಒಂದು ಗಳಿಗೆಯಲ್ಲಿ ಇಡೀ ಊರಿನ ತುಟಿಯ ಮೇಲೆ ಹೂವಿಯ ಪ್ರಶ್ನೆ ಇತ್ತು.

ಅಯ್ಯನ ಹಣೆಯಲ್ಲಿ ಬೆವರಿತ್ತು. ಅವನು ಬಾಗಿಲಿಗೆ ಕಿವಿಯಿಟ್ಟು ಆಲಿಸಿ, ಮೆಲ್ಲಗೆ ತಿರುಗಿ, ಕರುಣೆ ತುಂಬಿದ ದನಿಯಲ್ಲಿ ಹೇಳಿದ, "ನಿಮ್ಮ ಭಕ್ತಿ ದೊಡ್ಡದು. ಇಷ್ಟು ವರ್ಷ ನೀವು ಹಾಡಿದ ಜೋಗುಳದಿಂದ ಅವನ ನಿದ್ದೆ ಎಷ್ಟು ಗಾಢವಾಗಿದೆ ನೋಡಿ."

ಜನರ ಕಣ್ಣಲ್ಲಿ ನೀರು ಬಂತು. ಕೆಲವರು ಅಲ್ಲೇ ಅಡ್ಡಬಿದ್ದರು.

ತಾಯಿ ಮಗಳನ್ನು ಗಡಿಕಲ್ಲಿನ ಆಚೆ ಕಳಿಸಬೇಕೆಂದು ತೀರ್ಪಾಯಿತು. ಅಪ್ಪ ಗಡಿಯವರೆಗೆ ಬಂದ. "ನೀನೂ ಬಾ" ಎಂದಳು ಅವ್ವ. "ಗಾಣ ಯಾರು ನೋಡ್ಕೋತಾರೆ?" ಎಂದ ಅವನು. ಕೈಯಲ್ಲಿದ್ದ ಎಣ್ಣೆಯ ಕುಡಿಕೆಯನ್ನು ಹೆಂಡತಿಗೆ ಕೊಟ್ಟು ಹಿಂದಿರುಗಿದ. ಹೂವಿ ಅವನ ಬೆನ್ನನ್ನು ನೋಡುತ್ತ ಕೂಗಬೇಕೆಂದುಕೊಂಡಳು. ಕೂಗದೆ, ಅವ್ವನ ಕೈಯಿಂದ ಕುಡಿಕೆಯನ್ನು ತೆಗೆದುಕೊಂಡು ಮುಂದೆ ನಡೆದಳು.

ಕಣಿವೆಯಾಚೆ ಒಂದು ಸಂತೆಯ ಊರಿತ್ತು. ಅಲ್ಲಿ ಕತ್ತೆಗಳು ಅರಚುತ್ತಿದ್ದವು, ಗಂಡಸರು ಅರಚುತ್ತಿದ್ದರು, ಪ್ರತಿ ಬೀದಿಯಲ್ಲೂ ಒಂದೊಂದು ದೇವರಿದ್ದು ಪ್ರತಿ ದೇವರಿಗೂ ಒಂದೊಂದು ನಗಾರಿ ಇತ್ತು. ಮೊದಮೊದಲು ಇಬ್ಬರಿಗೂ ನಿದ್ದೆ ಬರಲಿಲ್ಲ. ಬದುಕಬೇಕಲ್ಲ, ಅವ್ವ ಎಣ್ಣೆಯ ಗಡಿಗೆ ಹೊತ್ತು ಬೀದಿ ಸುತ್ತತೊಡಗಿದಳು. ಪಿಸುಗುಟ್ಟಿದರೆ ಯಾರೂ ಹೊರಗೆ ಬರುತ್ತಿರಲಿಲ್ಲ. ಅವ್ವ ಕಲಿತಳು. ಅವಳ "ಎಳ್ಳೆಣ್ಣೆಯಮ್ಮೋ, ಎಣ್ಣೇ!" ಮೂರು ಬೀದಿಗೆ ಕೇಳಿಸುತ್ತಿತ್ತು. ಬಾಯಿ ಒಮ್ಮೆ ತೆರೆದ ಮೇಲೆ ಅವಳು ಎಲ್ಲದಕ್ಕೂ ಅದೇ ದನಿ ಬಳಸಿದಳು, ಬೆಕ್ಕು ಓಡಿಸಲೂ, ಮಗಳನ್ನು ಮುದ್ದು ಮಾಡಲೂ. ಅಕ್ಕಪಕ್ಕದವರು ದೂರಿದರೆ, "ನಂಗೆ ಹಿಂದಿನ ಬಾಕಿ ತುಂಬಾ ಇದೆ ಕಣಮ್ಮ" ಎನ್ನುತ್ತಿದ್ದಳು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ನಿರ್ವಾಣಿ ಅವರ ಮನೆ ಹುಡುಕಿಕೊಂಡು ಬಂದ. ಮೀಸೆ ದಪ್ಪವಾಗಿತ್ತು. ಹೂವಿ ಹೊರಗಿನ ಜಗಲಿಯಲ್ಲಿ ಅವನಿಗೆ ನೀರು ಕೊಟ್ಟಳು. ಅವನು ಊರಿನ ಸುದ್ದಿ ಹೇಳಿದ. ಅವಳು ಕೂಗಿದ ದಿನ ಈಗ ಅಲ್ಲಿ ದೊಡ್ಡ ಹಬ್ಬ. ಪ್ರತಿ ವರ್ಷ ಒಬ್ಬ ಹುಡುಗಿಯನ್ನು ಆರಿಸಿ, ಹೂ ಮುಡಿಸಿ, ದಿಬ್ಬದ ಮೇಲೆ ನಿಲ್ಲಿಸುತ್ತಾರೆ. ಅವಳು "ಅವ್ವಾ, ಓಡು" ಎಂದು ಪಿಸುಗುಟ್ಟುತ್ತಾಳೆ. ಹೆಂಗಸರೆಲ್ಲ ಓಡಿ ಬಂದು ಅವಳ ಬಾಯಿಗೆ ಅರಿಶಿನದ ಬಟ್ಟೆ ಕಟ್ಟುತ್ತಾರೆ. ಬಾಯಿ ಮುಚ್ಚಿದ್ದರಿಂದ ಲೋಕ ಉಳಿಯಿತು ಎಂದು ಅಯ್ಯ ಕಥೆ ಹೇಳುತ್ತಾನೆ. ಕಾಳವ್ವನಿಗೆ ಒಂದು ಗುಡಿಯಾಗಿದೆ, ಕಿವಿ ಮುಚ್ಚಿಕೊಂಡ ವಿಗ್ರಹ.

ಹೂವಿಗೆ ನಗು ಬಂತು. ನಗು ಇಳಿದ ಮೇಲೆ "ಗುಂಡಿ?" ಎಂದಳು.

"ಪಕ್ಕದಲ್ಲಿ ಇನ್ನೊಂದು ತೋಡಿದ್ದಾರೆ. ಗುಡಿಗೂ ಬಿಳಿ ಬಳಿಯಬೇಕಲ್ಲ."

"ನೀನೇನು ಮಾಡ್ತಿದ್ದೀಯ ಅಲ್ಲಿ?"

ಅವನು ಗೋಡೆಗೆ ಒರಗಿಸಿದ್ದ ಕೋಲನ್ನು ಅವಳು ಆಗ ನೋಡಿದಳು. ಅದಕ್ಕೆ ಹತ್ತಿ ಸುತ್ತಿತ್ತು.

"ಮನೆ ನಡೀಬೇಕಲ್ಲ ಹೂವಿ" ಎಂದ ನಿರ್ವಾಣಿ. ಆಮೇಲೆ ಹತ್ತಿರ ಬಗ್ಗಿ, ಸಂತೆಯ ಗದ್ದಲದ ನಡುವೆಯೂ ಅತ್ತಿತ್ತ ನೋಡಿ ಪಿಸುಗುಟ್ಟಿದ. "ನಂಗೆ ಇವತ್ತಿಗೂ ಆ ದೇವರ ಮೇಲೆ ನಂಬಿಕೆ ಇಲ್ಲ, ಗೊತ್ತಾ? ಬಾಗಿಲ ಮುಂದೆ ಕಾವಲು ನಿಂತು ನಿಂತು ಇದ್ದ ಅಷ್ಟಿಷ್ಟೂ ಹೋಯ್ತು."

"ಯಾರಿಗಾದ್ರೂ ಹೇಳಿದ್ದೀಯಾ?"

"ಯಾರಿಗೆ ಹೇಳಲಿ? ಅಲ್ಲಿ ಯಾರಿಗೂ ಇಲ್ಲ. ಅಯ್ಯನಿಗೂ ಇಲ್ಲ. ಯಾರೂ ಜೋರಾಗಿ ಹೇಳಲ್ಲ, ಅಷ್ಟೆ." ಅವನು ನೀರಿನ ಚೊಂಬನ್ನು ಕೆಳಗಿಟ್ಟ. "ನಿಂಗೂ ಇರಲಿಕ್ಕಿಲ್ಲ, ಬಿಡು."

ಹೂವಿ ಬೀದಿಯ ಕಡೆ ನೋಡಿದಳು. "ನಂಗಿನ್ನೂ ಗೊತ್ತಾಗಿಲ್ಲ ನಿರ್ವಾಣಿ. ಒಂದೊಂದು ದಿನ ಇದ್ದಾನೇನೋ ಅನ್ನಿಸುತ್ತೆ. ಇದ್ದರೆ ಎದ್ದೇ ಇರ್ತಾನೆ. ಅವತ್ತೂ ಎದ್ದೇ ಇದ್ದ, ಕಾಳವ್ವ ಕೂತಿದ್ದನ್ನ ನೋಡ್ತಾನೇ ಇದ್ದ ಅಂತ ಅನ್ನಿಸಿದಾಗ ಅವನ ಹತ್ತಿರ ಜಗಳಕ್ಕೆ ನಿಲ್ತೀನಿ."

ನಿರ್ವಾಣಿ ಬೆಚ್ಚಿದ. ಕೋಲಿನವನಾಗಿ ಅವನು ಎಷ್ಟೋ ನಾಸ್ತಿಕರನ್ನು ನೋಡಿದ್ದ. ಇಂಥ ಮಾತು ಕೇಳಿರಲಿಲ್ಲ.

"ಹೂವೀ! ಯಾರೇ ಅದು ಬಂದಿರೋದು?" ಒಳಗಿನಿಂದ ಅವ್ವನ ದನಿ ಹೊರಬಿತ್ತು. ಜಗಲಿಯ ಮೇಲಿದ್ದ ಗುಬ್ಬಿಗಳು ಹಾರಿದವು. "ಯಾರಾದ್ರೂ ಸರಿ, ಊಟಕ್ಕೆ ಕರೀ! ಮುದ್ದೆ ಆರಿಹೋಗುತ್ತೆ!"

ನಿರ್ವಾಣಿಯ ಬೆರಳು ತಾನಾಗಿ ತುಟಿಯ ಮೇಲೆ ಹೋಯಿತು. ಹೋದದ್ದು ಅವನಿಗೇ ತಿಳಿಯಲಿಲ್ಲ. ಹೂವಿ ಆ ಬೆರಳನ್ನು ಹಿಡಿದು ಕೆಳಗಿಳಿಸಿ, ಕೋಲನ್ನು ಹೊರಗೇ ಬಿಡಲು ಹೇಳಿ, ಅವನನ್ನು ಒಳಗೆ ಕರೆದುಕೊಂಡು ಹೋದಳು.